ಸೀಸದ ಮುದ್ದೆ, ಸುಟ್ಟ ಮೋಟ್ರು

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಸಾವಿರ ಅಡಿ ದಾಟಿರೋ ಬೋರುಗಳು ಎಷ್ಟೋ ಇವೆ. ಅಷ್ಟು ಆಳದ ಮೋಟ್ರನ್ನ ಕಾಯೋದು ಸ್ಟಾರ್ಟರ್ ಒಳಗಿನ ಅಂಗೈ ಅಗಲದ ಬೋರ್ಡು. ಅದಕ್ಕೆ ನಮ್ಮೋರು ಮಾಡೋ ವೈದ್ಯ ನೋಡ್ಬೇಕು! ಗ್ಯಾಸ್ ಒಲೇಲಿ ಸ್ಕ್ರೂಡ್ರೈವರ್ ಕೆಂಪಗೆ ಕಾಯಿಸಿ ಬೆಸುಗೆ. ತಂತಿ ಬಿಟ್ಟ ಕಡೆ ರಾಗಿಮುದ್ದೆ ಹಂಗೆ ಸೀಸ, ಅಕ್ಕಪಕ್ಕದ ಎರಡು ಕಾಲೂ ಒಂದೇ ಮುದ್ದೇಲಿ. ಮೇಲೆ ಎಂ-ಸೀಲ್. "ಇನ್ನು ಹತ್ತು ವರ್ಷ ಅಲ್ಲಾಡಲ್ಲ ಬಿಡಣ್ಣ!" ಅಲ್ಲಾಡಲ್ಲ ನಿಜ, ಕೆಲಸಾನೂ ಮಾಡಲ್ಲ.

ತವರ 63, ಸೀಸ 37 ಪಾಲಿನ ಬೆಸುಗೆ ತಂತಿ 183 ಡಿಗ್ರಿಗೇ ಕರಗುತ್ತೆ. ಕೆಂಪಗೆ ಕಾದ ಕಬ್ಬಿಣ ಅದರ ಮೂರು ಪಟ್ಟು ಬಿಸಿ, ಬೋರ್ಡಿನ ತಾಮ್ರದ ಗೆರೇನೇ ಎದ್ದು ಬರುತ್ತೆ. ಸೋಲ್ಡರಿಂಗ್ ಐರನ್ನಲ್ಲಿ ತಂತಿ, ತಾಮ್ರ ಎರಡನ್ನೂ ಒಟ್ಟಿಗೆ ಬಿಸಿ ಮಾಡಿ, ಆಮೇಲೆ ಸೀಸ ಮುಟ್ಟಿಸಿ. ಹೊಳೀತಾ ಹರಡಿದ್ರೆ ಗಟ್ಟಿ. ಮಂಕಾಗಿ ಗುಂಡಗೆ ನಿಂತ್ರೆ ಇವತ್ತು ಹಿಡಿಯುತ್ತೆ, ನಾಳೆ ಬಿಡುತ್ತೆ.

ನಗು ಇರಲಿ, ಒಂದ್ಮಾತು. ಸಿಂಗಲ್ ಫೇಸ್ ಪ್ರಿವೆಂಟರ್ ಕೆಟ್ಟಿದೆ ಅಂತ ತಂತಿ ಸುತ್ತಿ ಡೈರೆಕ್ಟ್ ಕೊಡಬೇಡಿ. ಒಂದು ಫೇಸ್ ಹೋದ್ರೆ ಉಳಿದ ಎರಡರ ಮೇಲೇ ಭಾರ ಬಿದ್ದು ಕಾಯಿಲ್ ಸುಟ್ಟೋಗುತ್ತೆ. ಹೊಸ ಬೋರ್ಡು ಅಂಗಡೀಲಿ ಸಿಗುತ್ತೆ. ಮೋಟ್ರು ಎತ್ತೋಕೆ ಲಾರಿ ಬರೋ ತನಕ ಬೆಳೆ ಕಾಯಲ್ಲ.

ಬಿಚ್ಚೋ ಮುಂಚೆ ಮೇನ್ ಆಫ್ ಮಾಡಿ.