‘ಲ್ಯಾಗ್’ ಅಂದ್ರೆ ಎಂತ?

1/6

ಒಂದು ಸಿನಿಮಾ ನೋಡಿ ‘ಸಿಕ್ಕಾಪಟ್ಟೆ ಲ್ಯಾಗ್ ಮಾರಾಯಾ’ ಅಂತ ಹೇಳ್ತೇವಲ್ಲ, ಆ ಮಾತಿಗೆ ಅರ್ಥ ಎಂತ? ಕಥೆ ನಿಧಾನ ಅಂತಾನಾ? ಏನೂ ಆಗ್ಲೇ ಇಲ್ಲ ಅಂತಾನಾ? ಅಥವಾ ಆಗಿದ್ದು ನಮಗೆ ಕಾಣ್ಲಿಲ್ಲ ಅಂತಾನಾ?

ಈ ಸಲದ ಸರಣಿ ಪೂರ್ತಿ ಈ ಒಂದು ಶಬ್ದದ ಬಗ್ಗೆ. ಆರು ಪೋಸ್ಟ್ ಇದೆ, ಸ್ವಲ್ಪ ಉದ್ದ. ಓದ್ತಾ ಲ್ಯಾಗ್ ಅನ್ನಿಸಿದ್ರೆ ಎಷ್ಟನೇ ಪೋಸ್ಟಲ್ಲಿ ಅಂತ ಹೇಳಿ, ಬೇಜಾರಿಲ್ಲ.

ಸಿನಿಮಾ ‘ಮಿಥ್ಯ’. ಸುಮಂತ್ ಭಟ್ ನಿರ್ದೇಶನ, ರಕ್ಷಿತ್ ಶೆಟ್ಟಿಯವರ ಪರಂವಃ ಸ್ಟುಡಿಯೋಸ್ ನಿರ್ಮಾಣ. 2023ರಲ್ಲಿ ಮುಂಬೈ ಚಿತ್ರೋತ್ಸವದಲ್ಲಿ ತೋರಿಸಿದ್ರು, ನಮ್ಮ ಥಿಯೇಟರುಗಳಿಗೆ ಬಂದದ್ದು 2025ರ ಮಾರ್ಚ್ 7ಕ್ಕೆ. ಅಪ್ಪ ಅಮ್ಮ ಇಬ್ಬರನ್ನೂ ಕಳ್ಕೊಂಡ 11 ವರ್ಷದ ಮಿಥುನ್ ಮುಂಬೈ ಬಿಟ್ಟು ಉಡುಪಿಗೆ, ಸಂಬಂಧಿಕರ ಮನೆಗೆ ಬರ್ತಾನೆ. ಕಥೆ ಇಷ್ಟೇ. ಉಳಿದದ್ದೆಲ್ಲ ಆ ಹುಡುಗ ಆ ಮನೇಲಿ ಹೇಗಿರ್ತಾನೆ ಅನ್ನೋದು.

2/6

ನಾವು ನೋಡಿದ್ದು ರೂಮಲ್ಲಿ. ಐದು ಜನ ಹುಡುಗಿಯರು, ಒಂದು ಲ್ಯಾಪ್‌ಟಾಪ್, ಒಂದು ದೊಡ್ಡ ತಟ್ಟೆ ಮಂಡಕ್ಕಿ.

ಕಾಲು ಗಂಟೆ ಆಗೋದ್ರೊಳಗೆ ಒಬ್ಬಳ ಕೈಗೆ ಮೊಬೈಲ್ ಬಂತು. ಇನ್ನೊಬ್ಬಳು ‘ಈಗ ಎಂತ ಆಗ್ತದೆ?’ ಅಂತ ಮೂರು ಸಲ ಕೇಳಿದಳು. ಮತ್ತೊಬ್ಬಳು ‘ಕಾಂತಾರ’ದಲ್ಲಿ ನಗಿಸಿದ ಪ್ರಕಾಶ್ ತೂಮಿನಾಡು ಕಂಡ ಕೂಡ್ಲೇ ನಗೋಕೆ ರೆಡಿ ಆಗಿ ಕೂತಳು. ಅವರು ಇಲ್ಲಿ ನಗಿಸೋಕೆ ಬಂದಿಲ್ಲ, ಆ ಹುಡುಗನ್ನ ನೋಡ್ಕೊಳ್ಳೋ ಮನೆಯವರಾಗಿ ಬಂದಿದ್ದಾರೆ. ಕಾದು ಕಾದು ಅವಳಿಗೆ ಸಿಟ್ಟೇ ಬಂತು.

ಅರ್ಧಕ್ಕೆ ಬಂದಾಗ ಮೊಬೈಲ್ ಹಿಡಿದವಳು ಹೇಳಿದ್ದು: ‘ಒಂದೂವರೆ ಸ್ಪೀಡಿಗೆ ಹಾಕೇ.’

ನೀವೂ ಹೀಗೆ ನೋಡೋರು ಅಂತ ಗೊತ್ತು. ಎಕ್ಸಾಮ್ ಮುಂಚಿನ ದಿನ ಕಾಸ್ಟ್ ಅಕೌಂಟಿಂಗ್ ವಿಡಿಯೋ ನೋಡೋಕೆ ಅದು ಸರಿ. ಅಲ್ಲಿ ಬೇಕಾದದ್ದು ಮಾತು, ಮಾತು ಬೇಗ ಬಂದ್ರೂ ಅರ್ಥ ಆಗ್ತದೆ. ಆದ್ರೆ ಇಲ್ಲಿ ಸ್ಪೀಡ್ ಜಾಸ್ತಿ ಮಾಡಿದ್ರೆ ಮಾತು ಉಳೀತದೆ, ಕಡಿಮೆ ಆಗೋದು ಮಾತಿಲ್ಲದ ಹೊತ್ತು. ಮಿಥುನ್ ಕಥೆ ಇರೋದು ಆ ಹೊತ್ತಲ್ಲೇ. ಇಲ್ಲಿ ಅದೇ ಸಿಲೆಬಸ್.

ಸ್ಪೀಡ್ ಬದಲಾಯಿಸ್ಲಿಲ್ಲ. ಮೂರು-ಎರಡು ವೋಟಲ್ಲಿ ಗೆದ್ದೆವು.

3/6

ಈಗ ‘777 ಚಾರ್ಲಿ’ ನೆನಪು ಮಾಡ್ಕೊಳ್ಳಿ. 2022ರ ಜೂನ್. ಕಾಸರಗೋಡಿನ ಕಿರಣ್‌ರಾಜ್ ನಿರ್ದೇಶನ, ನಿರ್ಮಾಣ ಇದೇ ಪರಂವಃ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನ ನೋಡಿ ತಮ್ಮ ನಾಯಿ ನೆನಪಾಗಿ ಅತ್ತದ್ದು ಟೀವಿಯಲ್ಲೆಲ್ಲ ಬಂದಿತ್ತು. ನಮ್ಮ ಕ್ಲಾಸಲ್ಲಿ ಅಳದವರೇ ಇಲ್ಲ.

ಅದೂ ಒಂಟಿತನದ ಸಿನಿಮಾನೇ. ಧರ್ಮನೂ ಚಿಕ್ಕಂದಿನಲ್ಲಿ ಮನೆಯವರನ್ನ ಕಳ್ಕೊಂಡವನು. ಸಿನಿಮಾ ಎರಡೂವರೆ ಗಂಟೆಗಿಂತ ಜಾಸ್ತಿ ಇದೆ, ಯಾರೂ ಲ್ಯಾಗ್ ಅನ್ಲಿಲ್ಲ. ಎರಡು ಗಂಟೆಯೂ ಇಲ್ಲದ ‘ಮಿಥ್ಯ’ಕ್ಕೆ ಲ್ಯಾಗ್ ಅಂದೆವು!

ನನಗೆ ಕಂಡ ವ್ಯತ್ಯಾಸ ಇದು. ಚಾರ್ಲಿ ನಮ್ಮ ಕೈ ಹಿಡ್ಕೊಂಡು ಹೋಗ್ತದೆ. ಎಲ್ಲಿ ನಗಬೇಕು, ಎಲ್ಲಿ ಅಳಬೇಕು ಅಂತ ಹಾಡು ಮೊದಲೇ ಬಂದು ಹೇಳ್ತದೆ. ಅದು ತಪ್ಪು ಅಂತಲ್ಲ, ನನಗೂ ಇಷ್ಟ. ಆದ್ರೆ ಧರ್ಮನ ಬಾಲ್ಯವನ್ನ ಆ ಸಿನಿಮಾ ಬೇಗ ಹೇಳಿ ಮುಂದೆ ಹೋಗ್ತದೆ. ‘ಮಿಥ್ಯ’ ಅಂಥದ್ದೇ ಬಾಲ್ಯದಲ್ಲಿ ಕೂತುಬಿಡ್ತದೆ. ಒಂಟಿತನ ಬಿಟ್ಟು ಹೋಗೋಕೆ ಅಲ್ಲಿ ನಾಯಿ ಬರೋದಿಲ್ಲ, ಹಿಮ ನೋಡೋಕೆ ಟ್ರಿಪ್ ಇಲ್ಲ. ಇರೋದು ನಾಳೆ, ನಾಡಿದ್ದು, ಅದರ ಮರುದಿನ.

4/6

ಐದನೆಯವಳ ಬಗ್ಗೆ ಇನ್ನೂ ಹೇಳ್ಲಿಲ್ಲ. ಅವಳಿಗೆ ತೋರಿಸಿ, ಅವಳು ಹೂಂ ಅಂದ ಮೇಲೇ ಇದನ್ನ ಹಾಕ್ತಿದ್ದೇನೆ.

ಸಿನಿಮಾ ಮುಗಿಯೋವರೆಗೂ ಅವಳು ಒಂದು ಮಾತೂ ಆಡ್ಲಿಲ್ಲ. ಮಂಡಕ್ಕಿಯನ್ನೂ ಮುಟ್ಟಿರಲಿಲ್ಲ. ಆಮೇಲೆ ತಟ್ಟೆ ತೊಳೀತಾ, ನಮ್ಮ ಕಡೆ ತಿರುಗದೇ ಹೇಳಿದಳು:

‘ನಾನಿರೋದು ಮಾವನ ಮನೇಲಿ ಅಲ್ದಾ. ಅವರ ಮಕ್ಕಳಿಗೆ ಅತ್ತೆ ದಿನಾ ಬೈತಾರೆ. ನನಗೆ ಯಾರೂ ಬೈಯೋದಿಲ್ಲ. ಹಾಲು ಚೆಲ್ಲಿದ್ರೂ ಇರ್ಲಿ ಬಿಡು ಅಂತಾರೆ. ತುಂಬಾ ಒಳ್ಳೆಯವರು. ಆದ್ರೂ ಒಂದ್ಸಲ ಬೈಸ್ಕೊಳ್ಬೇಕು ಅನ್ನಿಸ್ತದೆ.’

ಎರಡು ವರ್ಷದಿಂದ ನಮಗೆ ಒಂದೇ ಬೆಂಚು. ಈ ಮಾತು ಅವಳ ಬಾಯಲ್ಲಿ ಬಂದದ್ದು ಅವತ್ತೇ ಮೊದಲು. ಯಾರಾದ್ರೂ ಹಿಂಸೆ ಕೊಟ್ರೆ ಹೇಳ್ಕೊಳ್ಬಹುದು. ಎಲ್ಲರೂ ಚೆನ್ನಾಗಿ ನೋಡ್ಕೊಳ್ತಿದ್ದಾಗ ‘ನಾನಿಲ್ಲಿ ನೆಂಟಳ ಹಾಗೆ ಇದ್ದೇನೆ’ ಅಂತ ಯಾರ ಹತ್ರ ಹೇಳೋದು? ಹೇಳಿದ್ರೆ ಉಪಕಾರ ಮರೆತ ಹಾಗೆ ಆಗ್ತದೆ.

ಒಂದೂವರೆ ಸ್ಪೀಡ್ ಕೇಳಿದವಳು ಎದ್ದು ಹೋಗಿ ಅವಳ ಪಕ್ಕದಲ್ಲಿ ನಿಂತು ಉಳಿದ ಲೋಟ ತೊಳೆದಳು. ಮರುದಿನ ಕೇಳಿದ್ರೆ, ‘ಸಿನಿಮಾ ಈಗ್ಲೂ ಸ್ಲೋನೇ. ಆದ್ರೆ ಯಾಕೆ ಸ್ಲೋ ಅಂತ ಗೊತ್ತಾಯ್ತು’ ಅಂದಳು.

ನಾನು ಓದಿದ ಯಾವ ವಿಮರ್ಶೆಯಲ್ಲೂ ಇದಕ್ಕಿಂತ ಸರಿಯಾದ ಮಾತಿಲ್ಲ.

5/6

ಈ ಫೋಟೋ ರಾಮನಗುಳಿಯ ನಮ್ಮನೆ ಜಗಲಿ. ರಜೆಗೆ ಹೋದಾಗ ಅಜ್ಜಿಗೂ ‘ಮಿಥ್ಯ’ ತೋರಿಸಿದೆ.

ಅಜ್ಜಿ ಪೂರ್ತಿ ಕಣ್ಣು ಬಿಟ್ಟು ನೋಡಿದ್ರು ಅಂತ ಸುಳ್ಳು ಹೇಳೋದಿಲ್ಲ. ನಡುವೆ ಹತ್ತು ನಿಮಿಷ ನಿದ್ದೆ ಆಯ್ತು. ಎದ್ದವರು ಕಥೆ ಎಲ್ಲಿಗೆ ಬಂತು ಅಂತ ಕೇಳ್ಲಿಲ್ಲ. ‘ಆ ಮಾಣಿ ಊಟ ಮಾಡಿದ್ನಾ?’ ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, ‘ಅವ ಯಾಕೆ ಮಾತಾಡೋದಿಲ್ಲ?’ ನಾನು ಉತ್ತರ ಹುಡುಕ್ತಾ ಇರುವಾಗ ಅವರೇ ಅಂದ್ರು, ‘ಯಾರ ಹತ್ರ ಮಾತಾಡ್ಬೇಕು ಪಾಪ.’

ಅಜ್ಜಿ ಮಧ್ಯಾಹ್ನದ ಮೇಲೆ ಈ ಜಗಲಿಯಲ್ಲೇ ಕೂತಿರ್ತಾರೆ. ಎದುರಿಗೆ ಅಂಕೋಲಾ-ಹುಬ್ಬಳ್ಳಿ ರಸ್ತೆ, ಲಾರಿ ಮೇಲೆ ಲಾರಿ. ಅಡಿಕೆ ಸುಲಿಯೋ ಕಾಲದಲ್ಲಿ ಮಾತಾಡೋಕೆ ಜನ ಇರ್ತಾರೆ, ಉಳಿದ ದಿನ ಅಷ್ಟಿಲ್ಲ. ಅವರ ದಿನ ಹೇಗಿರ್ತದೆ ಅಂತ ಒಂದು ಸಿನಿಮಾ ಮಾಡಿದ್ರೆ ಅದು ಪಕ್ಕಾ ಲ್ಯಾಗ್ ಇರ್ತದೆ. ಫಾಸ್ಟ್ ಇದ್ರೆ ಅದು ಸುಳ್ಳು ಸಿನಿಮಾ.

6/6

ಹಾಗಂತ ನಿಧಾನ ಇದ್ದದ್ದೆಲ್ಲ ಒಳ್ಳೆಯದು ಅಂತ ನಾನು ಹೇಳೋದಿಲ್ಲ. ಹೇಳೋಕೆ ಏನೂ ಇಲ್ಲದೇ ಸುಮ್ಮನೆ ಮೋಡ ತೋರಿಸೋ ಸಿನಿಮಾಗಳೂ ಇವೆ. ನಾನು ಇಟ್ಕೊಂಡ ಪರೀಕ್ಷೆ ಒಂದೇ: ಆ ಸುಮ್ಮನಿರೋ ಹೊತ್ತು ಮುಗಿದಾಗ ಆ ಮನುಷ್ಯನ ಬಗ್ಗೆ ನಮಗೆ ಮೊದಲಿಗಿಂತ ಏನಾದ್ರೂ ಜಾಸ್ತಿ ಗೊತ್ತಾಯ್ತಾ?

ನಾವು ಬಿಕಾಂನವರು, ಲೆಕ್ಕವನ್ನೂ ನೋಡುವಾ. ಇಂಥ ಸಿನಿಮಾಕ್ಕೆ ಸ್ಟಾರ್ ಇಲ್ಲ, ಪ್ರಚಾರಕ್ಕೆ ದುಡ್ಡಿಲ್ಲ, ಇರೋದು ನೋಡಿದವರ ಬಾಯಿಮಾತು. ನಿಧಾನ ಸಿನಿಮಾದ ಬಾಯಿಮಾತೂ ನಿಧಾನ, ಅದು ಹರಡೋದ್ರೊಳಗೆ ಶೋ ಹೋಗಿರ್ತದೆ. ಹಾಗಾಗಿ ‘ಲ್ಯಾಗ್’ ಅನ್ನೋ ಒಂದು ಶಬ್ದಕ್ಕೆ ಅಲ್ಲಿ ತೂಕ ಜಾಸ್ತಿ.

ಮುಂದೆ ನೋಡೋಕೆ ಎರಡು. ಒಂದು, ಬ್ರಿಟನ್ನಿನ ‘ಆಫ್ಟರ್‌ಸನ್’ (2022), ನಿರ್ದೇಶಕಿ ಷಾರ್ಲೆಟ್ ವೆಲ್ಸ್. ಅಪ್ಪನ ಜೊತೆ ಟರ್ಕಿಗೆ ರಜೆಗೆ ಹೋದ ಹುಡುಗಿ, ಅವಳಿಗೂ 11 ವರ್ಷ. ಇನ್ನೊಂದು ನಮ್ಮ ಉತ್ತರ ಕನ್ನಡದ್ದೇ, ನಟೇಶ್ ಹೆಗಡೆಯವರ ‘ಪೆಡ್ರೊ’. 2021ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವಕ್ಕೆ ಹೋಗಿತ್ತು. ಕೈತಪ್ಪಿ ಒಂದು ದನ ಸತ್ತದ್ದಕ್ಕೆ ಊರೇ ದೂರ ಇಟ್ಟ ಒಬ್ಬ ಮನುಷ್ಯನ ಕಥೆ. ಪೆಡ್ರೊ ಆಗಿರೋದು ನಿರ್ದೇಶಕರ ಅಪ್ಪ, ಗೋಪಾಲ ಹೆಗಡೆ. ಎಲ್ಲಿ ಸಿಕ್ಕಿದ್ರೂ ಬಿಡ್ಬೇಡಿ.

ನೋಡಿದ ಮೇಲೆ ‘ಹೇಗಿತ್ತು’ ಅಂತ ನಾನು ಕೇಳೋದಿಲ್ಲ. ಎಷ್ಟನೇ ನಿಮಿಷಕ್ಕೆ ಮೊಬೈಲ್ ಕೈಗೆ ಬಂತು, ಆಗ ಸ್ಕ್ರೀನಲ್ಲಿ ಯಾರಿದ್ರು, ಅಷ್ಟು ಹೇಳಿ. ಮತ್ತೆ, ನಿಮ್ಮ ಜೊತೆ ಕೂತು ನೋಡಿದವರಲ್ಲಿ ಯಾರು ಮಾತೇ ಆಡ್ಲಿಲ್ಲ ಅಂತಲೂ ಸ್ವಲ್ಪ ನೋಡಿ. ತಟ್ಟೆ ತೊಳೆಯೋಕೆ ಅವರ ಜೊತೆ ಹೋಗಿ.

#ಮಿಥ್ಯ #ಕನ್ನಡಸಿನಿಮಾ #ರಾಮನಗುಳಿ #ಲ್ಯಾಗ್‌ಅಂದ್ರೆಎಂತ