ಅಂಬಿನ ಕೋಲು

ಹಂಪಿ ಬಜಾರಿನ ಪಶ್ಚಿಮದ ತುದಿಯಲ್ಲಿರುವ ವಿರೂಪಾಕ್ಷಸ್ವಾಮಿಯ ದೇವಾಲಯವನ್ನು ಹೊಕ್ಕವರು, ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ಕಾಲದಲ್ಲಿ, ಎಂದರೆ 1510ರ ಸುಮಾರಿನಲ್ಲಿ, ಕಟ್ಟಿಸಿದ ರಂಗಮಂಟಪದ ಮೇಲ್ಛಾವಣಿಯನ್ನು ತಲೆಯೆತ್ತಿ ನೋಡದೆ ಹಿಂದಿರುಗಲಾರರು. ಅರ್ಜುನನು ಮತ್ಸ್ಯಯಂತ್ರವನ್ನು ಭೇದಿಸುವ ಚಿತ್ರವು ಅಲ್ಲಿದೆ. ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಹತ್ತು ವರ್ಷದ ಮೊಮ್ಮಗನಿಗೆ ಅದನ್ನು ತೋರಿಸಿ ಸ್ವಯಂವರದ ಕಥೆಯನ್ನು ಸವಿಸ್ತಾರವಾಗಿ ಹೇಳಿದೆವು. ಹುಡುಗನು ಎಲ್ಲವನ್ನೂ ಕೇಳಿ, "ತಾತಾ, ಆ ಬಾಣವನ್ನು ಯಾವ ಮರದಿಂದ ಮಾಡಿದ್ದರು?" ಎಂದನು.

ಮೂವತ್ತು ವರ್ಷ ಸಂಸ್ಕೃತ ಪಾಠ ಹೇಳಿದ ನಮಗೆ ಉತ್ತರವು ತೋಚಲಿಲ್ಲ. ತೋಚದೆಂದು ಒಪ್ಪಿಕೊಳ್ಳಲು ಮನಸ್ಸು ಬಾರದೆ ಶಬ್ದಗಳನ್ನು ಆಶ್ರಯಿಸಿದೆವು. ಶರವೆಂದರೆ ಮೊದಲು ಜೊಂಡು, ಆಮೇಲೆ ಬಾಣ; ಕಾಂಡವೆಂಬ ಮಾತಿಗೂ ದಂಟು, ಬಾಣ ಎಂಬ ಎರಡರ್ಥಗಳುಂಟು; ಜೊಂಡಿನ ವನದಲ್ಲಿ ಹುಟ್ಟಿದ ಕಾರಣದಿಂದಲೇ ನಮ್ಮ ಸಂಡೂರು ಬೆಟ್ಟದ ಕುಮಾರಸ್ವಾಮಿಗೆ ಶರಜನ್ಮನೆಂದು ಹೆಸರು. 2011ರಲ್ಲಿ ಅಂಗಡಿಮನೆಗಳು ತೆರವಾದಂದಿನಿಂದ ಬರಿದಾಗಿ ನಿಂತಿರುವ ಸಾಲುಮಂಟಪಗಳ ನಡುವೆ ನಡೆಯುತ್ತ ಹೀಗೆ ಉಪನ್ಯಾಸ ಮಾಡಿದೆವು. ಹುಡುಗನು, "ಹಾಗಾದರೆ ನನಗೊಂದು ಮಾಡಿಸಿಕೊಡಿ" ಎಂದುಬಿಟ್ಟನು.

ಹೊಸಪೇಟೆಯ ಬಡಗಿಯೊಬ್ಬನಿಂದ ಒಂದು ಸಣ್ಣ ಬಿಲ್ಲನ್ನೂ, ಹಲಗೆಯಿಂದ ಕೊಯ್ದು ಚರಕಿಯಲ್ಲಿ ದುಂಡಗೆ ಮಾಡಿದ ನಾಲ್ಕು ಕೋಲುಗಳನ್ನೂ ಮಾಡಿಸಿದೆವು. ಅವನ ತಪ್ಪೇನೂ ಇಲ್ಲ. ನೇರವಾಗಿಯೂ ನುಣುಪಾಗಿಯೂ ಇರಬೇಕೆಂದು ನಾವು ಕೇಳಿದೆವು, ಅವನು ಹಾಗೆಯೇ ಕೊಟ್ಟನು. ಮೂರನೆಯ ದಿನ ಹಿತ್ತಿಲಲ್ಲಿ ಹುಡುಗನು ಹೆದೆಯನ್ನೆಳೆದು ಬಿಟ್ಟಾಗ ಕೋಲು ನಡುವೆ ಓರೆಯಾಗಿ ಸೀಳಿ, ಹಿಂದಿನ ತುಂಡು ಅವನ ಎಡಗೈಯ ಹೆಬ್ಬೆರಳ ಬುಡಕ್ಕೆ ನಾಟಿತು. ಆಸ್ಪತ್ರೆಯಲ್ಲಿ ಸಿಬಿರನ್ನು ತೆಗೆದು ಮೂರು ಹೊಲಿಗೆ ಹಾಕಿದರು. ಸೊಸೆಯು ನಮಗೆ ಒಂದು ಮಾತನ್ನೂ ಅನ್ನಲಿಲ್ಲ. ಅನ್ನದೆ ಇದ್ದುದೇ ನಮಗೆ ಹೆಚ್ಚಿನ ನೋವಾಯಿತು. ಕಣ್ಣಿಗೆ ಕೊಂಚ ಮೇಲೆ ಹಾರಿದ್ದರೆ ಏನಾಗುತ್ತಿತ್ತೆಂಬ ಯೋಚನೆಯಿಂದ ಆ ರಾತ್ರಿ ನಿದ್ರೆ ಬರಲಿಲ್ಲ.

ಮುರಿದ ತುಂಡನ್ನು ಕಂಪ್ಲಿಯ ಮೇದರ ಮುದುಕನೊಬ್ಬನಿಗೆ ತೋರಿಸಿದೆವು. ಬುಟ್ಟಿ ಮೊರ ಹೆಣೆಯುವ ಆ ವೃದ್ಧನು ಅದನ್ನು ಬಿಸಿಲಿಗೆ ತಿರುಗಿಸಿ ನೋಡಿ, "ಇದು ನೆಟ್ಟಗಿಲ್ಲ ಸ್ವಾಮೀ, ನೆಟ್ಟಗೆ ಕಾಣ್ತದೆ ಅಷ್ಟೆ" ಎಂದನು. ಮರದ ಎಳೆಯು ಕೋಲಿನ ತುದಿಯಿಂದ ಬುಡದವರೆಗೆ ಓಡದೆ ನಡುವೆಯೇ ಪಕ್ಕಕ್ಕೆ ಹೊರಬಿದ್ದಿತ್ತು. ಗರಗಸವು ಎಳೆಯನ್ನು ನೋಡದೆ ತನ್ನ ಗೆರೆಯಲ್ಲಿ ಹೋಗುತ್ತದೆ; ಸೀಳಿದರೆ ಮಾತ್ರ ಮರವು ತನ್ನ ಎಳೆಯಲ್ಲೇ ಬಿಚ್ಚಿಕೊಳ್ಳುತ್ತದೆ. ಆದುದರಿಂದ ಅಂಬಿನ ಕೋಲನ್ನು ಕೊಯ್ಯಬಾರದು, ಸೀಳಬೇಕು. ಬಲಿತ ಗಟ್ಟಿಬಿದಿರನ್ನು ಮಳೆಗಾಲ ಕಳೆದ ಮೇಲೆ ಕಡಿದರೆ ಹುಳು ಹಿಡಿಯುವುದು ಕಡಿಮೆ. ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು. ಸೀಳಿ, ಹೆರೆದು, ಸೊಟ್ಟಗಿದ್ದಲ್ಲಿ ಕೆಂಡದ ಕಾವಿಗೆ ಹಿಡಿದು ಕೈಯಿಂದ ತಿದ್ದಬೇಕು. ಹೀಗೆಂದು ಹೇಳುತ್ತಲೇ ಆತನು ಒಂದು ಕೋಲನ್ನು ಹೆರೆದು, ಎರಡು ತುದಿಗಳನ್ನೂ ಹಿಡಿದು, ಸುತ್ತ ತಿರುಗಿಸುತ್ತ ಬಾಗಿಸಿ, ಕಿವಿಗೊಟ್ಟು ಆಲಿಸಿದನು. ಚಿಟ್ಟೆಂದು ಸದ್ದಾದುದನ್ನು ಒಲೆಗೆ ಹಾಕಬೇಕಂತೆ.

ಆಗ ನಮಗೆ ನಾಚಿಕೆಯಾಯಿತು. ಅತಿ ದಪ್ಪವೂ ಅತಿ ತೆಳುವೂ ಅಲ್ಲದ, ಎಳೆಯದಲ್ಲದ, ಕೆಟ್ಟ ನೆಲದಲ್ಲಿ ಬೆಳೆಯದ, ಬಿರುಕಿಲ್ಲದ, ಚೆನ್ನಾಗಿ ಬಲಿತು ಬಿಳುಪೇರಿದ, ತಕ್ಕ ಕಾಲದಲ್ಲಿ ತಂದ ಕೋಲನ್ನೇ ಆರಿಸಬೇಕೆಂದು ವಾಸಿಷ್ಠ ಧನುರ್ವೇದವು ವಿಧಿಸಿರುವುದನ್ನು ನಾವು ಓದಿಯೇ ಇದ್ದೆವು. ಓದಿದವರು ನಾವು, ಬಲ್ಲವನು ಆತನು.

ಅನಂತರ ವಿಚಾರಿಸಲಾಗಿ ಬೇರೆ ದೇಶಗಳಲ್ಲಿಯೂ ಇದೇ ನಿಯಮವೆಂದು ತಿಳಿಯಿತು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲ್ಪಟ್ಟ ಮೇರಿ ರೋಸ್ ಎಂಬ ಇಂಗ್ಲಿಷ್ ಯುದ್ಧನೌಕೆಯಲ್ಲಿ ಸಾವಿರಾರು ಬಾಣಗಳು ದೊರೆತವು. ಅವುಗಳಲ್ಲಿ ಹೆಚ್ಚಿನವು ಪಾಪ್ಲರ್ ಮರದವು. ಈಗಿನ ಅಮೆರಿಕದವರು ಪೋರ್ಟ್ ಆರ್ಫರ್ಡ್ ಸೀಡರನ್ನು ಮೆಚ್ಚುತ್ತಾರೆ. ಮರ ಯಾವುದಾದರೂ ಎಳೆ ನೇರವಾಗಿರಬೇಕು, ಬಿಗುವು ಬಿಲ್ಲಿಗೆ ಹೊಂದಬೇಕು. ಏಕೆಂದರೆ ಬಿಟ್ಟ ಬಾಣವು ಬಿಲ್ಲಿನ ದಂಡವನ್ನು ಬಳಸಿಕೊಂಡು ಬಳುಕುತ್ತಲೇ ಹೋಗುವುದು. ಅತಿ ಬಿಗುವಾದುದೂ ಅತಿ ಮೆದುವಾದುದೂ ಗುರಿಯ ಪಕ್ಕಕ್ಕೆ ಸರಿಯುವುವು. ಕೋಲನ್ನು 26 ಅಂಗುಲದ ಅಂತರದ ಎರಡು ಆಧಾರಗಳ ಮೇಲಿಟ್ಟು, ನಡುವೆ 2 ಪೌಂಡಿನ ತೂಕ ತೂಗಿಸಿ, ಎಷ್ಟು ಬಾಗಿತೆಂದು ಅವರು ಅಳೆಯುತ್ತಾರೆ. ನಮ್ಮ ಮುದುಕನು ಬರಿಗೈಯಿಂದ ಅಳೆದನು.

ಮನೆಯಲ್ಲಿ ಮಕ್ಕಳಿರುವ ವಾಚಕರು ಇಷ್ಟನ್ನು ನೆನಪಿನಲ್ಲಿಡಬೇಕು: ಮಗುವಿನ ಕೈಗೆ ಕೊಡುವ ಬಾಣದ ಕೋಲನ್ನು ಪ್ರತಿ ಸಲವೂ ಹಿರಿಯರು ಬಾಗಿಸಿ ನೋಡಿಯೇ ಕೊಡತಕ್ಕದ್ದು. ನುಣುಪನ್ನು ಕಂಡು ಮೋಸಹೋಗಬಾರದು.

ಗಾಯವು ಮಾಯ್ದು ಕಲೆ ಉಳಿದಿದೆ. ದಸರೆಯ ರಜೆಗೆ ಬಂದ ಹುಡುಗನಿಗೆ ಆರು ಬಿದಿರ ಕೋಲುಗಳನ್ನು ಕೊಟ್ಟೆವು. ಅವನು ನಾವು ನೋಡಿಕೊಟ್ಟುದನ್ನು ತಾನೂ ಒಮ್ಮೆ ಬಾಗಿಸಿ, ಕಿವಿಯ ಬಳಿ ಹಿಡಿದು, ಆಮೇಲೆಯೇ ಹೂಡಿದನು. ಹುಲ್ಲಿನ ಹೊರೆಯಿಂದ ಅಂಬನ್ನು ಕಿತ್ತು ತರುತ್ತ ಮತ್ತೆ ಕೇಳಿದನು: "ಹಾಗಾದರೆ ಅರ್ಜುನನ ಬಾಣ ಯಾವ ಮರದ್ದು, ತಾತಾ?"

"ನಮಗೆ ತಿಳಿಯದು, ಮಗು" ಎಂದೆವು.