ಪಾನದಾಯಕನ ಮರೆವು

ಅವನ ಚೀಲ ಮಂಚದ ಕೆಳಗೆ ಹಾಗೇ ಇತ್ತು. ಒಗೆದು ಒಣಗಿಸಿದ ಬಟ್ಟೆಯನ್ನು ಮಡಚಿ ಮತ್ತೆ ಅದರೊಳಗೇ ಇಡುತ್ತಿದ್ದ. ಬೆಳಿಗ್ಗೆ ಅದರಿಂದಲೇ ತೆಗೆದು ಹಾಕಿಕೊಂಡು ಕಾಲೇಜಿಗೆ ಹೋಗುತ್ತಿದ್ದ. ಗೋಡೆಯ ಕಪಾಟಿನಲ್ಲಿ ಅವನ ಪಾಲಿನ ಅರೆ ಖಾಲಿ. "ಬಿಚ್ಚಿಡು ಅಂತ ನಾವೂ ಹೇಳ್ಲಿಕ್ಕೆ ಹೋಗ್ಲಿಲ್ಲ ಟೀಚರ್" ಎಂದರು ವಾರ್ಡನ್.

ಮಂಗಳೂರಿನ ಹತ್ತಿರದ ಒಂದು ಕ್ರೈಸ್ತ ಮಕ್ಕಳ ನಿಲಯಕ್ಕೆ ನಾನು ಹದಿನೈದು ದಿನಕ್ಕೊಮ್ಮೆ ಹೋಗುತ್ತೇನೆ. ದೊಡ್ಡ ಹುಡುಗರಿಗೆ ಪಾಠ ಹೇಳಿಕೊಡುವುದು, ಕೊನೆಗೆ ಬೈಬಲಿನ ಒಂದು ಕತೆ, ಒಂದು ಪ್ರಾರ್ಥನೆ. ಆ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಥ ಮಕ್ಕಳ ಗುರುತನ್ನು ಹೊರಗೆಡಹಬಾರದೆಂದು ಕಾನೂನೇ ಹೇಳುತ್ತದೆ. ಆಗ ಅವನಿಗೆ ಹದಿನಾರು, ಪ್ರಥಮ ಪಿಯುಸಿ, ಕಾಮರ್ಸ್.

2015ರ ಬಾಲನ್ಯಾಯ ಕಾಯ್ದೆಯಲ್ಲಿ ಫಾಸ್ಟರ್ ಕೇರ್ ಎಂಬ ಒಂದು ಏರ್ಪಾಡಿದೆ. ಅದು ದತ್ತು ಅಲ್ಲ. ದತ್ತು ಹೋದ ಮಗು ಆ ಮನೆಯದೇ ಆಗಿಬಿಡುತ್ತದೆ. ಇಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಒಂದು ಕುಟುಂಬ ಮಗುವನ್ನು ಕೆಲವು ಕಾಲ ಸಾಕುತ್ತದೆ. ದತ್ತು ಬಯಸುವವರು ಹೆಚ್ಚಾಗಿ ಎಳೆಯ ಮಕ್ಕಳನ್ನೇ ಕೇಳುವುದರಿಂದ ಮೀಸೆ ಚಿಗುರುವ ವಯಸ್ಸಿನವರಿಗೆ ಮನೆಯೆಂಬುದು ಸಿಕ್ಕರೆ ಹೀಗೇ ಸಿಗಬೇಕು. ಅವನಿಗೆ ಸಿಕ್ಕಿತ್ತು. ಗಂಡ ಹೆಂಡತಿ ಇಬ್ಬರೂ ಸಭೆಗೆ ಬರುವವರು, ಒಳ್ಳೆಯವರು. ನಾಲ್ಕೈದು ಸಲ ಬಂದು ಮಾತಾಡಿದರು. ಕ್ರಿಸ್ಮಸ್ಸಿಗೆ ಮನೆಗೆ ಕರೆದುಕೊಂಡು ಹೋದರು. ಅವನು ಅಲ್ಲಿ ನೆವ್ರಿ ಕರಿಯಲು ಕೂತದ್ದನ್ನು, ಅವರ ನಾಯಿ ತನ್ನ ಕಾಲ ಬಳಿಯೇ ಮಲಗುತ್ತಿದ್ದುದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದ. ಚೀಲ ಕಟ್ಟಿಟ್ಟ. ಜನವರಿ ಮುಗಿಯುವಾಗ ಸುದ್ದಿ ಬಂತು: ಅವರಿಗೆ ಹೊಂದುವುದಿಲ್ಲವಂತೆ, ಮನೆಯಲ್ಲಿ ಹಿರಿಯರು ಒಪ್ಪುವುದಿಲ್ಲವಂತೆ.

ನಾನು ಹೋದಾಗ ಅವನು ಕೇಳಿದ್ದು ಒಂದೇ. "ನಾನು ಅಲ್ಲಿ ಎಂತ ತಪ್ಪು ಮಾಡಿದೆ ಟೀಚರ್?"

ಏನೂ ಇಲ್ಲ ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ದೇವರು ನಿನಗೆ ಇದಕ್ಕಿಂತ ಒಳ್ಳೆಯದನ್ನು ಇಟ್ಟಿದ್ದಾನೆ" ಎಂದೂ ಸೇರಿಸಿದೆ. ಚರ್ಚಿನಲ್ಲಿ ಬೆಳೆದ ನಮ್ಮ ಬಾಯಿಗೆ ಆ ಮಾತು ತಾನಾಗಿ ಬರುತ್ತದೆ. ಅವನು ತಲೆಯಾಡಿಸಿದ. ಆ ತಲೆಯಾಡಿಸುವಿಕೆಯನ್ನು ಇಂಥ ಮಕ್ಕಳು ಚಿಕ್ಕಂದಿನಿಂದಲೇ ಕಲಿತಿರುತ್ತಾರೆ. ಬಂದವರ ಮನಸ್ಸು ನೋಯದಿರಲಿ ಎಂದು.

ಮುಂದಿನ ಸಲ ಯೋಸೇಫನ ಕತೆ ತೆಗೆದೆ. ಅಣ್ಣಂದಿರು ಗುಂಡಿಗೆ ತಳ್ಳಿದ್ದು, ಮಾರಿದ್ದು, ಮಾಡದ ತಪ್ಪಿಗೆ ಸೆರೆಮನೆ. ಅಲ್ಲಿ ಫರೋಹನ ಪಾನದಾಯಕನ ಕನಸಿಗೆ ಅರ್ಥ ಹೇಳುತ್ತಾನೆ, ಬಿಡುಗಡೆಯಾದ ಮೇಲೆ ತನ್ನ ವಿಷಯವನ್ನು ಅರಸನ ಕಿವಿಗೆ ಹಾಕು ಎಂದು ಬೇಡಿಕೊಳ್ಳುತ್ತಾನೆ. ಪಾನದಾಯಕ ಬಿಡುಗಡೆಯಾಗುತ್ತಾನೆ, ಮರೆಯುತ್ತಾನೆ. ನಾನು ಬೇಗ ಬೇಗ ಅರಮನೆಯ ಕಡೆಗೆ ಹೊರಟಿದ್ದೆ. ಒಳ್ಳೆಯ ಭಾಗ ಇರುವುದು ಅಲ್ಲಿ ತಾನೇ.

"ಎಷ್ಟು ಸಮಯ ಮರೆತ?" ಎಂದ ಅವನು.

"ಎರಡು ವರ್ಷ."

"ಆ ಎರಡು ವರ್ಷ ಯೋಸೇಫ ಎಂತ ಮಾಡಿದ?"

ಪುಸ್ತಕ ತೆರೆದು ನೋಡಿದೆ. ಆದಿಕಾಂಡದ ನಲವತ್ತನೆಯ ಅಧ್ಯಾಯ ಮರೆವಿನಲ್ಲಿ ಮುಗಿಯುತ್ತದೆ, ನಲವತ್ತೊಂದು ಎರಡು ವರ್ಷ ಕಳೆದ ಮೇಲೆ ಶುರುವಾಗುತ್ತದೆ. ನಡುವೆ ಏನೂ ಇಲ್ಲ. "ಬರೆದಿಲ್ಲ" ಎಂದೆ.

"ಬಾಗಿಲು ನೋಡಿಕೊಂಡು ಕೂತಿರ್ತಾನೆ" ಎಂದ. ಸ್ವಲ್ಪ ಹೊತ್ತು ಬಿಟ್ಟು, ಸಿಟ್ಟಿಲ್ಲದೆ, "ನೀವು ಅಕೌಂಟೆನ್ಸಿ ಗೈಡ್ ತರ್ತೇನೆ ಅಂದಿದ್ರಿ ಟೀಚರ್. ಡಿಸೆಂಬರಲ್ಲಿ" ಎಂದ.

ಅಂದದ್ದು ಹೌದು. ಡಿಸೆಂಬರಿನಲ್ಲಿ ಆ ನಿಲಯಕ್ಕೆ ದಿನಕ್ಕೊಂದು ತಂಡ ಬರುತ್ತದೆ. ಕುಸ್ವಾರಿನ ಡಬ್ಬಗಳು, ಕೇಕು, ಸಾಂತಾ ಟೊಪ್ಪಿ, ಫೋಟೋ. ಹೋಗುವಾಗ ಎಲ್ಲರೂ "ಮತ್ತೆ ಬರ್ತೇವೆ" ಎನ್ನುತ್ತಾರೆ. ಜನವರಿಯಲ್ಲಿ ಅಂಗಳ ಖಾಲಿ. ಆ ಜನರ ಬಗ್ಗೆ ನಾನೇ ಎಷ್ಟೋ ಸಲ ಆಡಿಕೊಂಡಿದ್ದೆ. ನಾನು ಪ್ರತಿ ತಿಂಗಳು ಬರುವವಳಾದ್ದರಿಂದ ಆ ಲೆಕ್ಕದಲ್ಲಿ ಸೇರುವುದಿಲ್ಲ ಎಂದುಕೊಂಡಿದ್ದೆ. ಪರೀಕ್ಷೆ ಹತ್ತಿರ ಬಂದಿತ್ತು, ಗೈಡ್ ನನ್ನ ನೆನಪಿನಿಂದ ಪೂರ್ತಿ ಹೋಗಿತ್ತು. ಹತ್ತಿರದ ಪುಸ್ತಕದಂಗಡಿಗೆ ನನ್ನ ಮನೆಯಿಂದ ಹತ್ತು ನಿಮಿಷದ ನಡಿಗೆ.

ಆ ರಾತ್ರಿ ಯೋಸೇಫನ ಅಧ್ಯಾಯಗಳನ್ನು ಮೊದಲಿಂದ ಓದಿದೆ. ಸಂಡೇ ಸ್ಕೂಲಿನಿಂದ ಕೇಳಿದ ಕತೆಯಲ್ಲಿ ನಾನು ನೋಡದೇ ಇದ್ದದ್ದು ಬಹಳವಿತ್ತು. ದೇವರು ಕೇಡನ್ನು ಒಳಿತಾಗಿ ತಿರುಗಿಸಿದ ಎಂಬ ಮಾತು ಕತೆಯ ಕಟ್ಟಕಡೆಗೆ ಬರುತ್ತದೆ, ಅದನ್ನು ಹೇಳುವವನು ಯೋಸೇಫನೇ. ಗುಂಡಿಯ ಅಂಚಿನಲ್ಲಿ ನಿಂತು ಬೇರೆ ಯಾರೂ ಅದನ್ನು ಅವನಿಗೆ ಹೇಳುವುದಿಲ್ಲ. ಅದು ನೊಂದವನು ತನ್ನ ಕಾಲಕ್ಕೆ ತಾನೇ ಹೇಳಬೇಕಾದ ಮಾತು. ನಾನು ಅದನ್ನು ಅವನ ಬಾಯಿಂದ ಕಸಿದು ಮೊದಲೇ ಹೇಳಿಬಿಟ್ಟಿದ್ದೆ. ಕರ್ತನು ಯೋಸೇಫನ ಜೊತೆಗಿದ್ದ ಎಂಬ ಮಾತಾದರೋ ಸೆರೆಮನೆಯ ಅಧ್ಯಾಯದಲ್ಲೇ ಇದೆ. ಅರಮನೆ ಸಿಗುವವರೆಗೆ ಅದು ಕಾಯುವುದಿಲ್ಲ.

ಇನ್ನೊಂದು. ಯೋಸೇಫ ತನ್ನ ಮೊದಲ ಮಗನಿಗೆ ಮನಸ್ಸೆ ಎಂದು ಹೆಸರಿಡುತ್ತಾನೆ, ಹಳೆಯದನ್ನು ದೇವರು ಮರೆಯಿಸಿದ ಎಂಬ ಅರ್ಥದಲ್ಲಿ. ಆಮೇಲೆ ಅಣ್ಣಂದಿರು ಎದುರಿಗೆ ಬಂದಾಗ ಬೇರೆ ಕೋಣೆಗೆ ಹೋಗಿ ಅಳುತ್ತಾನೆ. ಎಣಿಸಿದೆ, ಕತೆ ಮುಗಿಯುವುದರೊಳಗೆ ಏಳು ಸಲ. ಇಡೀ ಐಗುಪ್ತಕ್ಕೆ ಧಾನ್ಯ ಅಳೆದುಕೊಟ್ಟವನಿಗೂ ಮನೆಯವರು ಬಿಟ್ಟ ನೋವು ಮುಗಿದಿರಲಿಲ್ಲ. ನಂಬಿಕೆಯಿದ್ದವರು ಅಳಬಾರದು ಎಂದು ಹುಡುಗರಿಗೆ ಹೇಳಿಕೊಟ್ಟವರು ಯಾರೋ.

ಮರುದಿನವೇ ಬಸ್ಸು ಹತ್ತಿದೆ. ಗೈಡ್ ಕೊಟ್ಟು, "ನಾನು ಮರೆತೆ. ತಪ್ಪು ನನ್ನದು" ಎಂದೆ. ಪಾನದಾಯಕನೂ ಎರಡು ವರ್ಷದ ಮೇಲೆ ಅರಸನ ಮುಂದೆ ತನ್ನ ತಪ್ಪು ನೆನಪಾಯಿತು ಎಂದೇ ಮಾತು ಶುರು ಮಾಡುತ್ತಾನೆ. ಅವನು ಬಾಯಿ ಬಿಟ್ಟ ಮೇಲೆಯೇ ಸೆರೆಮನೆಯ ಬಾಗಿಲು ತೆರೆಯುವುದು. "ಆ ಮನೆಯವರು ಹಿಂದೆ ಸರಿದದ್ದು ಅವರ ಶಕ್ತಿಯ ವಿಷಯ, ನಿನ್ನ ಬೆಲೆಯ ವಿಷಯ ಅಲ್ಲ" ಎಂದೆ. ಅವನು ಗೈಡಿನ ಪುಟ ತಿರುಗಿಸುತ್ತಾ, "ನನಗೆ ಮಾತಾಡ್ಲಿಕ್ಕೆ ಬರುವುದಿಲ್ಲ ಟೀಚರ್. ಅವರ ಮನೆಯಲ್ಲಿ ಸುಮ್ಮನೆ ಕೂತಿರ್ತಿದ್ದೆ. ಅದಕ್ಕೇ ಇರ್ಬೇಕು" ಎಂದ.

ಮೋಶೆಯೂ ಹಾಗೇ ಅಂದಿದ್ದ, ತನ್ನ ನಾಲಿಗೆ ಮಂದ ಎಂದು. ಪರರ ಮನೆಯಲ್ಲಿ ಬೆಳೆದವನು ಅವನು. ಮೋಶೆ ಎಂಬ ಹೆಸರಿಟ್ಟದ್ದೂ ಸಾಕಿದ ಫರೋಹನ ಮಗಳೇ. ಉರಿಯುವ ಪೊದೆಯೊಳಗಿಂದ ದೇವರು ಅವನನ್ನು ಕರೆದದ್ದು ಆ ಸಾಕುಹೆಸರಿನಿಂದಲೇ, ಎರಡು ಸಲ. ಇದನ್ನು ಹೇಳಿದಾಗ ಹುಡುಗ ತಲೆಯೆತ್ತಿ ನೋಡಿದ. ಅವನ ಹೆಸರೂ ನಿಲಯದಲ್ಲಿ ಇಟ್ಟದ್ದು.

ಅವನಿಗೆ ಮನೆ ಸಿಗಲಿಲ್ಲ. ಹದಿನೆಂಟು ತುಂಬಿದ ಮೇಲೆ ನಿಲಯ ಬಿಡಬೇಕಾಯಿತು. ಇಪ್ಪತ್ತೊಂದರವರೆಗೆ ನೆರವು ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಆ ಆಸರೆಯಲ್ಲಿ ಈಗ ಬಿ.ಕಾಂ. ಓದುತ್ತಿದ್ದಾನೆ, ಸಂಜೆ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಚೀಲ ಯಾವಾಗ ಬಿಚ್ಚಿದ ಎಂದು ನಾನು ಕೇಳಿಲ್ಲ. ಒಂದು ಶನಿವಾರ ಹೋದಾಗ ಕಪಾಟಿನ ಅರೆಯಲ್ಲಿ ಎರಡು ಅಂಗಿ ಇದ್ದವು, ಪಕ್ಕದಲ್ಲಿ ಗೈಡ್.

ಭಾನುವಾರ ಆರಾಧನೆ ಮುಗಿದ ಮೇಲೆ ಅವನಿಗೆ ಫೋನ್ ಮಾಡುತ್ತೇನೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ. ನನ್ನ ಮರೆವಿನ ಮೇಲೆ ನನಗೆ ಭರವಸೆಯಿಲ್ಲ.